ಅಂಬರನಾಥದ ಮೂವತ್ತೆಂಟು ಮಂದಿ

ಡೊಂಬಿವಲಿ ಪೂರ್ವ
ಶನಿವಾರ, ೨೧ ಫೆಬ್ರವರಿ ೨೦೨೬

ಪ್ರಿಯ ಯಶ್ವಂತ್,

ಒಂದು ವಿಷಯವನ್ನು ಬರೆಯದೆ ಬಿಟ್ಟುಬಿಡುವುದರಲ್ಲಿದ್ದೆ. ಬರೆದು ಹರಿದು ಹಾಕಿದ ಎರಡು ಪತ್ರಗಳಲ್ಲಿ ಅದು ಇರಲೂ ಇಲ್ಲ. ಬುಧವಾರ ಮಧ್ಯಾಹ್ನ ನೀವು ಮಾಲು ತರಲು ಕಲ್ಯಾಣಕ್ಕೆ ಹೋಗಿದ್ದಾಗ ನಾನು ನಿಮ್ಮ ಕ್ಯಾಂಟೀನಿಗೆ ಬಂದಿದ್ದೆ. ಸಾಲಿನಲ್ಲಿ ನಿಂತು ಕೂಪನ್ ತೆಗೆದುಕೊಂಡೆ, ಕಿಟಕಿಯ ಪಕ್ಕದ ಮೇಜಿನಲ್ಲಿ ಕುಳಿತು ಪೂರ್ತಿ ಊಟ ಮಾಡಿದೆ. ಮೂರು ವರ್ಷಗಳಾದ ಮೇಲೆ. ಅಡುಗೆಯ ಬೂಬಣ್ಣ ನಿಮಗೆ ಹೇಳಿರಲಿಕ್ಕಿಲ್ಲ. ಹೇಳಬೇಡಿ ಎಂದು ನಾನೇ ಅವರಿಂದ ಮಾತು ತೆಗೆದುಕೊಂಡಿದ್ದೆ, ಆದ್ದರಿಂದ ಅವರನ್ನು ಬೈಯಬೇಡಿ.

ಪತ್ರ ಯಾಕೆ ಎಂದು ಕೇಳುತ್ತೀರಿ. ಶನಿವಾರ-ಭಾನುವಾರಕ್ಕೆಂದು ಹಾಸ್ಟೆಲಿನಿಂದ ಬಂದ ಮಾನಸಿಯೂ ಕೇಳಿದಳು. ನನ್ನ ಹೆಗಲ ಮೇಲಿಂದ ಇಣುಕಿ, “ಚಿಠ್ಠಿ? ಮಮ್ಮಿ, ಪಪ್ಪಾ ಕೋ ಕಾಲ್ ಕರೋ ನಾ!” ಎಂದಳು. ಕಾಲ್ ಮಾಡಿದರೆ ಎರಡನೇ ನಿಮಿಷಕ್ಕೆ ನಾನು ಡಯಟೀಷಿಯನ್ ಆಗುತ್ತೇನೆ, ಮೂರನೇ ನಿಮಿಷಕ್ಕೆ ನಿಮಗೆ ಗಿರಾಕಿ ಬರುತ್ತಾರೆ. ನಿಮ್ಮ ಮಗಳಿಗೂ ಇದು ಗೊತ್ತು. ಇಂಗ್ಲಿಷಿನಲ್ಲಿ ಬರೆದರೆ ವರದಿಯ ಹಾಗೆ ಬರೆದುಬಿಡುತ್ತೇನೆ. ತುಳುವಿನಲ್ಲಿ ನಾವು ಆಡದ ಜಗಳವಿಲ್ಲ. ಕನ್ನಡದಲ್ಲಿ ಮಾತ್ರ ಇನ್ನೂ ಜಗಳವಾಡಿಲ್ಲ. ಭಾನುವಾರಗಳಲ್ಲಿ ಕನ್ನಡ ಸಂಘದ ಕೋಣೆಯಲ್ಲಿ, ಅಪ್ಪನ ಒತ್ತಾಯಕ್ಕೆ ಕಲಿತ ಕನ್ನಡ ಇದು. ತಪ್ಪಿದ್ದರೆ ನಿಮ್ಮ ರಾತ್ರಿಶಾಲೆಯ ಮೇಷ್ಟ್ರ ಹಾಗೆ ಕೆಂಪು ಗೆರೆ ಎಳೆಯಿರಿ.

ನೀವು ಸಹಿ ಹಾಕಿ ಕಳಿಸಿದ ವಿಚ್ಛೇದನದ ಅರ್ಜಿ ನನ್ನ ಕೈಸೇರಿ ಆರು ವಾರವಾಯಿತು. ನನ್ನ ಸಹಿಯ ಜಾಗ ಖಾಲಿ ಇದೆ. ಈ ತಿಂಗಳ ಕೊನೆಯೊಳಗೆ ವಕೀಲರಿಗೆ ತಲುಪಿಸುತ್ತೇನೆ ಎಂದಿದ್ದೆ. ಅದರ ಬಗ್ಗೆ ಬರೆಯಲೇಬೇಕು, ಬರೆಯುತ್ತೇನೆ. ಆದರೆ ಬುಧವಾರದ್ದನ್ನು ಹೇಳದೆ ಅದನ್ನು ಬರೆಯಲಾರೆ. ಮತ್ತು ಬುಧವಾರದ್ದನ್ನು ಇನ್ನೊಂದು ದಿನ ಹೊಟ್ಟೆಯಲ್ಲಿಟ್ಟುಕೊಂಡರೆ ನಾನು ಒಡೆದುಹೋಗುತ್ತೇನೆ! ಮೂರು ದಿನದಿಂದ ಬೆಳಗಿನ ಲೋಕಲಿನಲ್ಲಿ ನಿಂತಲ್ಲೇ ನಗುತ್ತಿದ್ದೇನೆ. ನಿನ್ನೆ ಪಕ್ಕದ ಹೆಂಗಸು ನನ್ನಿಂದ ಒಂದು ಗೇಣು ದೂರ ಸರಿದು ನಿಂತಳು. ಡೊಂಬಿವಲಿಯ ಗಾಡಿಯಲ್ಲಿ ಒಂದು ಗೇಣು!

ಮಹಾಪೆಯಲ್ಲಿ ನಾನು ಮಾಡುವ ಕೆಲಸ ಏನೆಂದು ನಿಮಗೆ ಸರಿಯಾಗಿ ಗೊತ್ತಿರಲಿಕ್ಕಿಲ್ಲ. ನೀವು ಮನೆ ಬಿಟ್ಟ ಮೇಲೆ ಸೇರಿದ್ದು. ಅದೊಂದು ಸಂಶೋಧನೆ. ಠಾಣೆಯಿಂದ ಟಿಟ್ವಾಳಾದವರೆಗೆ ಐದು ಸಮುದಾಯಗಳ ಆರುನೂರು ಚಿಲ್ಲರೆ ಜನ: ಮರಾಠಿಗರು, ಸಿಂಧಿಗಳು, ಮಲಯಾಳಿಗಳು, ಭೋಜಪುರಿ ಮಾತಿನವರು, ಮತ್ತೆ ನಾವು ಕರಾವಳಿಯವರು. ಎಲ್ಲರೂ ಓಡುವುದು ಅದೇ ಗಾಡಿಗೆ, ಸೇದುವುದು ಅದೇ ಹೊಗೆಯನ್ನು. ಹಾಗಿದ್ದೂ ಇವರ ರಕ್ತದೊತ್ತಡ ಬೇರೆ ಬೇರೆ ಯಾಕೆ? ಹುಟ್ಟಿನಿಂದ ಬಂದದ್ದೋ, ತಟ್ಟೆಯಿಂದ ಬಂದದ್ದೋ? ನಾನು ತಟ್ಟೆಯ ಕಡೆಯವಳು. ಯಾರು ಏನು ತಿನ್ನುತ್ತಾರೆ ಎಂದು ಕೇಳಿ ಬರೆದುಕೊಳ್ಳುವ ತಂಡವನ್ನು ನೋಡಿಕೊಳ್ಳುತ್ತೇನೆ.

ಜನ ಸುಳ್ಳು ಹೇಳುವುದಿಲ್ಲ ಯಶ್ವಂತ್, ತಿಂದದ್ದರಲ್ಲಿ ಕೆಲವನ್ನು ತಿಂದದ್ದೆಂದು ಎಣಿಸುವುದಿಲ್ಲ, ಅಷ್ಟೇ. ಕಲ್ಯಾಣದ ಸಿಂಧಿ ಅಜ್ಜಿಯೊಬ್ಬರು ನನಗೆ ನೀರಿನ ಜೊತೆ ಹಪ್ಪಳ ಕೊಟ್ಟು, ತಾವೂ ಒಂದನ್ನು ಮುರಿಯುತ್ತ, ಹಪ್ಪಳ ತಿನ್ನುವುದೇ ಇಲ್ಲ ಎಂದರು. ಕೈಯಲ್ಲಿರುವುದೇನು ಎಂದು ಕೇಳಿದರೆ, “ಬೇಟಿ, ಯೇ ತೋ ಪಾನಿ ಕೇ ಸಾಥ್ ಹೈ!” ನೀರಿನ ಜೊತೆಗಿನದು ಲೆಕ್ಕಕ್ಕಿಲ್ಲವಂತೆ. ಟಿಟ್ವಾಳಾದಲ್ಲಿ ನಮ್ಮ ಕಡೆಯವರೇ ನಳಿನಾಕ್ಷಿ ಎಂಬವರು, “ಬೆಳಿಗ್ಗೆ ಎಂತ ತಿನ್ಲಿಲ್ಲ ಮೇಡಂ, ಬರೀ ಗಂಜಿ,” ಎಂದರು. ಗಂಜಿಗೆ ಉಪ್ಪು? “ಉಪ್ಪಿಲ್ಲದ ಗಂಜಿ ಉಂಟಾ?” ಉಪ್ಪಿನಕಾಯಿ? “ಅದಿಲ್ಲದೆ ಇಳಿಯುವುದು ಹೇಗೆ?” ಹಾಗಾದರೆ ತಿಂದ ಹಾಗಾಯಿತಲ್ಲ ಎಂದರೆ ನನ್ನನ್ನು ಪಾಪ ಎಂಬಂತೆ ನೋಡಿದರು. ಗಂಜಿಯನ್ನು ಊಟವೆಂದು ಎಣಿಸುವ ಹೆಂಗಸು ಎಂಥ ಮನೆಯಿಂದ ಬಂದಿರಬಹುದು! ಬಿ.ಪಿ. ವಿಷಯ ತೆಗೆದಾಗ ಅವರು ಹೇಳಿದ್ದು: “ಅದು ನಮ್ಮಲ್ಲಿ ಎಲ್ಲರಿಗೂ ಉಂಟು. ಮನೆತನದ ಹೆಸರಿದ್ದ ಹಾಗೆ.”

ನಮ್ಮ ರಕ್ತವೇ ಹಾಗೆ ಎಂದು ನೀವೂ ನಿಮ್ಮ ಅಣ್ಣ ಶಂಭು ಭಾವನೂ ಹೇಳಿ ಹೇಳಿ ಮಾತ್ರೆಯ ಚೀಟಿಯನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿಡುತ್ತಿದ್ದಿರಿ. ನಾನು ಉಪ್ಪು ಉಪ್ಪು ಎಂದು ಬಡಿದುಕೊಳ್ಳುತ್ತಿದ್ದೆ.

ಬಾಯಿಮಾತು ಸಾಲದೆಂದು ನಾವು ಎಲ್ಲರಿಗೂ ಒಂದು ದೊಡ್ಡ ಕ್ಯಾನ್ ಕೊಡುತ್ತೇವೆ. ಇಪ್ಪತ್ತನಾಲ್ಕು ಗಂಟೆಯ ಮೂತ್ರವನ್ನು ಒಂದು ಹನಿ ಬಿಡದೆ ಅದರಲ್ಲಿ ಹಿಡಿದು ಕೊಡಬೇಕು. ತಿಂದ ಉಪ್ಪಿನ ಬಹುಪಾಲು ಅಲ್ಲಿ ಇಳಿದಿರುತ್ತದೆ, ಅದಕ್ಕೆ ಸಂಕೋಚವೂ ಇಲ್ಲ ಮರೆವೂ ಇಲ್ಲ. ನಗಬೇಡಿ, ನಾಲ್ಕು ಕ್ಯಾನ್ ಇಟ್ಟುಕೊಂಡು ಶೇರ್ ರಿಕ್ಷಾದಲ್ಲಿ ಕುಳಿತು ಬಂದಿದ್ದೇನೆ. ಡ್ರೈವರ್ ತುಪ್ಪವೋ ಎಣ್ಣೆಯೋ ಎಂದು ಕೇಳಿದ. ಎಣ್ಣೆ ಎಂದೆ.

ಲೆಕ್ಕ ಕೈಗೆ ಬಂದ ಹಾಗೆ ಮೊದಲ ನೋಟಕ್ಕೆ ಸಮುದಾಯಗಳ ನಡುವೆ ವ್ಯತ್ಯಾಸ ಕಾಣಿಸಿತು, ನಮ್ಮವರು ಮೇಲಿನ ಸಾಲಿನಲ್ಲೇ ಇದ್ದರು. ಉಪ್ಪು, ತೂಕ, ವಯಸ್ಸು ಇವನ್ನೆಲ್ಲ ಸೇರಿಸಿ ನೋಡುತ್ತ ಹೋದಾಗ ವ್ಯತ್ಯಾಸ ಕರಗುತ್ತ ಬಂತು. ಪೂರ್ತಿ ಕರಗಲಿಲ್ಲ. ನಿಮ್ಮ ಮಾತಿಗೂ ಒಂದು ಪಾಲು ಉಳಿಯಿತು, ಅದನ್ನು ಒಪ್ಪಿಕೊಳ್ಳುತ್ತೇನೆ. ಆರುನೂರು ಜನರ ಒಂದು ಲೆಕ್ಕ ಇದು, ಇದರಿಂದ ಲೋಕಕ್ಕೆಲ್ಲ ತೀರ್ಪು ಕೊಡಲಾಗದು ಎಂಬುದೂ ಗೊತ್ತು.

ಜನವರಿಯಲ್ಲಿ ಅಂಬರನಾಥದ ಫಲಿತಾಂಶ ಬಂತು. ಕೈಗಾರಿಕಾ ವಸಾಹತಿನ ಮೂವತ್ತೆಂಟು ಜನ. ನನ್ನ ಜೊತೆ ಕೆಲಸ ಮಾಡುವ ಅಶ್ಮಿತಾ, ವಿಜಯಪುರದ ಕಡೆಯವರ ಮಗಳು, ಕಲ್ಯಾಣದಲ್ಲೇ ಹುಟ್ಟಿದವಳು, ಕಂಪ್ಯೂಟರಿನಿಂದ ತಲೆಯೆತ್ತಿ, “ಮೇಡಮ್, ಈ ಮೂವತ್ತೆಂಟು ಮಂದಿ ಬ್ಯಾರೇನ ಅದಾರ್ರೀ,” ಎಂದಳು. ಬೇರೆಯೇ ಇದ್ದರು. ಉಳಿದ ಎಲ್ಲ ಕಡೆ ದಿನಕ್ಕೆ ಹತ್ತು ಹನ್ನೊಂದು ಗ್ರಾಂ ಉಪ್ಪು ತಿನ್ನುತ್ತಿದ್ದರೆ ಇವರದು ಏಳೂವರೆ. ರಕ್ತದೊತ್ತಡವೂ ಸ್ವಲ್ಪ ಕೆಳಗೆ. ಅವರು ಒಂದು ಸಮುದಾಯದವರಲ್ಲ! ಮರಾಠಿ ಫಿಟ್ಟರ್, ಬಲಿಯಾ ಕಡೆಯ ವೆಲ್ಡರ್, ಪಾಲಕ್ಕಾಡಿನ ಸ್ಟೋರ್‌ಕೀಪರ್, ನಮ್ಮ ಕಾರ್ಕಳದ ಸೂಪರ್‌ವೈಸರ್ ಒಬ್ಬರು. ಊರಿನ ಉಳಿದೆಡೆ ಒಬ್ಬರನ್ನೊಬ್ಬರು ಹೋಲದವರು ಇಲ್ಲಿ ಅಣ್ಣತಮ್ಮಂದಿರ ಹಾಗೆ ಹೋಲುತ್ತಿದ್ದರು.

ನಮ್ಮ ಮುಖ್ಯಸ್ಥೆ ಡಾ. ಪೂಜಿತಾ ನಂಬಲಿಲ್ಲ. ಕ್ಯಾನ್ ಅರ್ಧ ತುಂಬಿಸಿರಬೇಕು ಎಂದರು. ಪರೀಕ್ಷಿಸಿದೆವು, ತುಂಬಿಸಿದ್ದು ಸರಿಯಾಗಿತ್ತು. ಮತ್ತೊಮ್ಮೆ ತೆಗೆಯಿರಿ ಎಂದರು. ತೆಗೆದೆವು. ಅದೇ ಏಳೂವರೆ. ಕಾರಣ ಗೊತ್ತಾಗದಿದ್ದರೆ ಅಂಬರನಾಥವನ್ನು ಮುಖ್ಯ ಲೆಕ್ಕದಿಂದ ಪಕ್ಕಕ್ಕಿಡಬೇಕಾಗುತ್ತದೆ ಎಂದರು. ಅಶ್ಮಿತಾ ಮೂವತ್ತೆಂಟು ಜನರ ಊಟದ ದಿನಚರಿಗಳನ್ನು ನೆಲದ ಮೇಲೆ ಹರವಿಕೊಂಡು ಕುಳಿತಳು. ರಾತ್ರಿಯೂಟ ಒಬ್ಬೊಬ್ಬರದು ಒಂದೊಂದು. ಬೆಳಗಿನ ನಾಷ್ಟಾ, ಮಧ್ಯಾಹ್ನದ ಊಟ, ಸಂಜೆಯ ತಿಂಡಿ ಮಾತ್ರ ಎಲ್ಲರದೂ ಒಂದೇ ಕಡೆ. “ಅಣ್ಣಾಚಾ ಕ್ಯಾಂಟೀನ್,” ಎಂದು ಬರೆದಿತ್ತು. ನಮ್ಮೂರಿನವರು ನಡೆಸುವ ಯಾವ ಕ್ಯಾಂಟೀನಿಗಾದರೂ ಇಲ್ಲಿ ಅದೇ ಹೆಸರಲ್ಲವೇ, ಆ ವಸಾಹತಿನಲ್ಲೇ ಅಂಥವು ಐದಾರಿವೆ, ನಿಮ್ಮದೇ ಎಂದು ನನಗೆ ಹೊಳೆಯಲಿಲ್ಲ.

ಅವಳು ಹೋಗಿ ಬಂದು ಫೋನಿನಲ್ಲಿ ಫೋಟೋ ತೋರಿಸಿದಳು. ತಟ್ಟೆ, ಮೇಜು, ಕೈತೊಳೆಯುವ ಜಾಗ. ಆಮೇಲೆ ಗಲ್ಲಾ. ಗಲ್ಲಾದ ಹಿಂದೆ ಉಳ್ಳಾಲ್ತಿ ದೇವಿಯ ಫೋಟೋ, ಅದರ ಪಕ್ಕದಲ್ಲಿ ಹಾರ ಹಾಕಿದ ಶಂಭು ಭಾವ.

ಎರಡು ವಾರ ಆ ಫೋಟೋವನ್ನು ಡಾ. ಪೂಜಿತಾರಿಗೆ ತೋರಿಸಲಿಲ್ಲ. ಅದಕ್ಕೆ ವಿಜ್ಞಾನದ ಕಾರಣ ಯಾವುದೂ ಇರಲಿಲ್ಲ. ಅಶ್ಮಿತಾಳನ್ನು ಇನ್ನೊಮ್ಮೆ ಕಳಿಸಬಹುದಿತ್ತು, ಅದನ್ನೂ ಮಾಡಲಿಲ್ಲ. ಅಲ್ಲಿ ಕಡಿಮೆ ಉಪ್ಪು ಇರಲು ಸಾಧ್ಯವೇ ಇಲ್ಲ ಎಂದು ನನಗೆ ಖಚಿತವಿತ್ತು. ಎಲ್ಲರ ಮುಂದೆ ಹೇಳಿದವಳಲ್ಲವೇ ನಾನು? ಅದು ತಪ್ಪೆಂದಾದರೆ ಏನು ಮಾಡಲಿ ಎಂಬ ಭಯವೂ ಇತ್ತು, ತಪ್ಪೆಂದಾಗಲಿ ಎಂಬ ಆಸೆಯೂ ಇತ್ತು. ಯಾವುದು ಹೆಚ್ಚಿತ್ತೋ ಈಗಲೂ ಗೊತ್ತಿಲ್ಲ.

ಕೊನೆಗೆ ಬುಧವಾರ ನಾನೇ ಹೊರಟೆ. ಸ್ಟೇಷನ್ನಿನಿಂದ ರಿಕ್ಷಾದವನು ಶಿವಮಂದಿರವಾ ಎಂದು ಕೇಳಿದ. ಎಮ್.ಐ.ಡಿ.ಸಿ., ಕೈಗಾರಿಕಾ ವಸಾಹತು ಎಂದೆ. ನೀವು ಇದ್ದಿದ್ದರೆ ಬಾಗಿಲಿನಿಂದಲೇ ಹಿಂತಿರುಗುತ್ತಿದ್ದೆ. ನೀವಿಲ್ಲ ಎಂದು ಕೂಪನ್ ಕೊಡುವ ಹುಡುಗಿ ಹೇಳಿದಾಗ ಸಮಾಧಾನವಾಯಿತು, ಅರ್ಧ ನಿಮಿಷದಲ್ಲಿ ಬೇಜಾರೂ ಆಯಿತು.

ಸೌತೆಕಾಯಿ ಸಾಂಬಾರ್, ಅಲಸಂಡೆ ಪಲ್ಯ, ಚಪಾತಿ, ಅನ್ನ, ಮಜ್ಜಿಗೆ. ಮೊದಲ ತುತ್ತಿಗೆ ಸಪ್ಪೆ ಎನಿಸಿತು. ಮೂರನೆಯದಕ್ಕೆ ಕೊತ್ತಂಬರಿಯ ಪರಿಮಳ ಬಂತು, ಆಮೇಲೆ ಸೌತೆಕಾಯಿಯದೇ ರುಚಿ. ಎದುರಿನ ಇಬ್ಬರು ಎರಡನೇ ಬಾರಿ ಸಾಂಬಾರ್ ಹಾಕಿಸಿಕೊಂಡರು. ಒಬ್ಬ ಹೇಳುತ್ತಿದ್ದ, “ಘರ್ ಕಾ ಖಾನಾ ಅಬ್ ನಮಕೀನ್ ಲಗ್ತಾ ಹೈ ಯಾರ್. ಬೀವೀ ಬೋಲೀ, ಜಾ, ಅಣ್ಣಾ ಸೇ ಹೀ ಶಾದೀ ಕರ್ ಲೇ!” ಮನೆಯೂಟ ಉಪ್ಪುಪ್ಪು ಎಂದವನಿಗೆ ಹೆಂಡತಿ, ಹೋಗಿ ಅಣ್ಣನನ್ನೇ ಮದುವೆಯಾಗು ಎಂದಳಂತೆ; ನಾನು ತಲೆ ತಗ್ಗಿಸಿ ಮಜ್ಜಿಗೆ ಕುಡಿದೆ. ಆ ಅಣ್ಣನಿಗೆ ಸದ್ಯ ಹೆಂಡತಿ ಇದ್ದಾಳೆ ಎಂದು ಹೇಳಬೇಕೆನಿಸಿತು. ನಿಜವಾಗಿಯೂ ಎನಿಸಿತು.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ಬೂಬಣ್ಣ. ಸೌಟು ಹಿಡಿದ ಕೈ ಅಲ್ಲೇ ನಿಂತಿತು. “ಎಂತ ಅಕ್ಕ, ಲೈನಲ್ಲಿ ನಿಂತು ಕೂಪನ್ ತಗೊಂಡದ್ದಾ ನೀವು? ಸೇಟ್ರಿಗೆ ಗೊತ್ತಾದ್ರೆ ನನ್ನ ಚರ್ಮ ಸುಲಿತಾರೆ!” ಎಂದರು. ಅವರ ತಲೆ ಪೂರ್ತಿ ಬೆಳ್ಳಗಾಗಿದೆ. ನಾನು ಕುಶಲ ಕೇಳುವುದನ್ನೂ ಮರೆತು, ಸಾಂಬಾರಿಗೆ ಉಪ್ಪು ಎಷ್ಟು ಹಾಕುತ್ತೀರಿ ಎಂದೆ. ಅವರು ನಗಲು ಶುರು ಮಾಡಿದರು. “ಅಂಚಿಗೆ ಸಮ ಬಳಿದು ಮೂರು ಕುಡ್ತೆ. ಇಪ್ಪತ್ತೆರಡು ವರ್ಷದಿಂದ ಅದೇ ಮೂರು.” ಹೇಳಿ ಮತ್ತೆ ನಕ್ಕರು, ಕೆಮ್ಮು ಬರುವವರೆಗೆ. ಒಳಗೆ ಕರೆದುಕೊಂಡು ಹೋಗಿ ಉಪ್ಪಿನ ಡಬ್ಬಿಯಿಂದ ಆ ಅಳತೆಯ ಲೋಟವನ್ನು ತೆಗೆದು ನನ್ನ ಕೈಗಿಟ್ಟರು.

ಶಂಭು ಭಾವ ಊರಿನಿಂದ ತಂದಿದ್ದ ಅದೇ ಹಿತ್ತಾಳೆ ಕುಡ್ತೆ. ಮದುವೆಯಾದ ಹೊಸದರಲ್ಲಿ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದವಳು ನಾನು. ಕಂಠದ ಸುತ್ತ ಮೂರು ಗೆರೆಗಳಿದ್ದವು. ಈಗ ಒಂದೂ ಇಲ್ಲ. ಮೈ ಕಪ್ಪಗಾಗಿದೆ, ಅಂಚು ಮಾತ್ರ ಹೊಸ ನಾಣ್ಯದ ಹಾಗೆ ಹೊಳೆಯುತ್ತಿದೆ. ಎತ್ತರದಲ್ಲಿ ಮೂರನೇ ಒಂದು ಪಾಲು ಮಾಯ.

ಬೂಬಣ್ಣ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ, ನನ್ನ ಮಾತಿನಲ್ಲಿ ಬರೆದರೆ ರುಚಿ ಹೋಗುತ್ತದೆ. “ಮೊದಲ ವರ್ಷ ನನಗೆ ಗೊತ್ತೇ ಆಗ್ಲಿಲ್ಲ ಅಕ್ಕ. ಕುಡ್ತೆ ಹಿಡಿದ್ರೆ ಕೈಯಲ್ಲಿ ಸಣ್ಣ ಆದ ಹಾಗೆ. ನನ್ನ ಕೈಯೇ ಊದಿದೆ ಅಂತ ಮಾಡಿದೆ. ಡಾಕ್ಟ್ರ ಹತ್ರ ಹೋಗಿ ರಕ್ತ, ಮೂತ್ರ ಎಲ್ಲ ಟೆಸ್ಟ್ ಮಾಡಿಸಿದೆ. ಅವರು ನೋಡಿ, ಕೈ ಸರಿ ಉಂಟು ಮಾರಾಯ, ಬೇಕಾದ್ರೆ ತಲೆ ತೋರಿಸು ಅಂದ್ರು! ಮತ್ತೆ ಒಂದು ಭಾನುವಾರ ನೋಡ್ತೇನೆ, ಸೇಟ್ರು ಕುಡ್ತೆ ಹಿಡ್ಕೊಂಡು ಎದುರಿನ ವರ್ಕ್‌ಶಾಪಿಗೆ ಹೋಗ್ತಾ ಇದ್ದಾರೆ. ಅಲ್ಲಿ ಆಕಾಶ ಅಂತ ಲೇತ್ ಕೆಲಸದವ. ಎರಡು ತಿಂಗಳಿಗೊಮ್ಮೆ ಒಂದೊಂದು ಮಿಲಿಮೀಟರ್ ತೆಗೆಸುವುದು. ಕಟಿಂಗ್ ಮಾಡಿಸಿದ ಹಾಗೆ.”

ಯಶ್ವಂತ್! ಎಷ್ಟು ಚೆಂದದ ಕೆಲಸ ಇದು! ನನ್ನ ಕೈಯಲ್ಲಿ ಡಿಗ್ರಿ ಇತ್ತು, ಚಾರ್ಟುಗಳಿದ್ದವು. ಹತ್ತು ವರ್ಷ ನಾನು ಜನರಿಗೆ ಉಪ್ಪು ಬಿಡಿ ಎಂದು ಹೇಳಿದೆ, ಒಬ್ಬರೂ ಬಿಡಲಿಲ್ಲ. ನೀವು ಯಾರಿಗೂ ಏನೂ ಹೇಳದೆ ಒಂದು ಪಾತ್ರೆಯ ಅಂಚನ್ನು ಅವರ ನಾಲಗೆಗೆ ತಿಳಿಯದಷ್ಟು ನಿಧಾನವಾಗಿ ಕೊರೆಸುತ್ತ ಬಂದಿರಿ. ಅವರ ನಾಲಗೆಯೂ ಜೊತೆಜೊತೆಗೇ ನಡೆದುಬಂತು. ಮನೆಯಲ್ಲೂ ಉಪ್ಪು ಹೆಚ್ಚಾಯಿತು ಎನ್ನುತ್ತಿದ್ದಾರೆ! ಮೇಜಿನ ಮೇಲಿದ್ದ ಉಪ್ಪಿನ ಬಟ್ಟಲುಗಳನ್ನು ತೆಗೆದು, ಕೇಳಿದವರಿಗೆ ಮಾತ್ರ ಗಲ್ಲಾದಲ್ಲಿ ಕೊಡುತ್ತೀರಂತೆ. ಸೋಮಾರಿತನ ಬಿಟ್ಟು ಎದ್ದು ಬಂದು ಕೇಳುವವರು ದಿನಕ್ಕೆ ಇಬ್ಬರು ಎಂದರು ಬೂಬಣ್ಣ.

ಇನ್ನೊಂದು ಮಾತು. ಬೇರೆ ಯಾವ ಅಡುಗೆಮನೆಯಲ್ಲೂ ಇದು ನಡೆಯುತ್ತಿರಲಿಲ್ಲ. ಅಡುಗೆಯವನು ನಾಲಗೆಗೆ ಹಚ್ಚಿ ನೋಡಿ, ಸಾಲದು ಎಂದು ಇನ್ನೊಂದು ಹಿಡಿ ಹಾಕಿಬಿಡುತ್ತಿದ್ದ. ನಿಮ್ಮಲ್ಲಿ ಮೊದಲ ಸೌಟು ಉಳ್ಳಾಲ್ತಿಯ ಮುಂದೆ ಇಟ್ಟಾಗುವವರೆಗೆ ಯಾರೂ ರುಚಿ ನೋಡುವಂತಿಲ್ಲ, ಅದು ಎಂಜಲಾಗುತ್ತದೆ. ಇಟ್ಟಾದ ಮೇಲೆ ಬಡಿಸುವ ಗಡಿಬಿಡಿ. ಆದ್ದರಿಂದ ಎಲ್ಲವೂ ಕುಡ್ತೆಯ ಅಳತೆಯ ಮೇಲೆಯೇ. ಶಂಭು ಭಾವನ ಈ ನಿಯಮವನ್ನು ನಾನು ಎಷ್ಟು ಗೇಲಿ ಮಾಡಿದ್ದೆ! ಅದೇ ನಿಯಮವನ್ನು ನೀವು ಹೀಗೆ ಬಳಸಿಕೊಂಡಿರಿ. ಮೂರು ವರ್ಷ ಮೊದಲ ತುತ್ತು ಉಂಡ ದೇವಿಯೂ ದೂರು ಹೇಳಲಿಲ್ಲ.

ಅಲ್ಲಿಯವರೆಗೆ ನಾನು ಸಂಶೋಧನೆಯವಳಾಗಿಯೇ ಇದ್ದೆ, ಪುಸ್ತಕ ತೆಗೆದು ಬರೆದುಕೊಳ್ಳುತ್ತಿದ್ದೆ. ಮೊದಲ ಸಲ ಯಾವಾಗ ಕೊರೆಸಿದ್ದು ಎಂದು ಕೇಳಿದೆ. ದಿನಾಂಕ ಬೇಕಿತ್ತು, ಅಷ್ಟೇ. ಬೂಬಣ್ಣ ನನ್ನ ಮುಖ ನೋಡದೆ, “ಶಂಭು ಅಣ್ಣನ ಬೊಜ್ಜ ಕಳೆದು ಎರಡನೇ ಭಾನುವಾರ,” ಎಂದರು.

ಪುಸ್ತಕ ಮುಚ್ಚಿದೆ.

ಆ ಬೊಜ್ಜದ, ಉತ್ತರಕ್ರಿಯೆಯ ಊಟದ ದಿನವನ್ನು ನಾವಿಬ್ಬರೂ ಯಾವತ್ತೂ ಮಾತಿಗೆ ತಂದಿಲ್ಲ. ಬಾಳೆಎಲೆಯ ಮುಂದೆ ಎಲ್ಲರೂ ಕುಳಿತಿದ್ದರು. ಐವತ್ತೊಂದು ವರ್ಷದ ಭಾವ ಸ್ಟ್ರೋಕ್ ಆಗಿ ಕ್ಯಾಂಟೀನಿನ ನೆಲದ ಮೇಲೆ ಬಿದ್ದು ಹದಿಮೂರು ದಿನವಾಗಿತ್ತಷ್ಟೇ. ನೀವು ಬಡಿಸುತ್ತ ಬಂದು ನನ್ನ ಎಲೆಯ ತುದಿಗೆ ಉಪ್ಪು ಹಾಕಿದಿರಿ. ನಾನು ಕೈ ಅಡ್ಡ ಹಿಡಿದು, ಇಡೀ ಪಂಕ್ತಿಗೆ ಕೇಳುವ ಹಾಗೆ ಹೇಳಿದೆ: “ಇದೇ ಅವರನ್ನು ತಿಂದದ್ದು. ನಿಮ್ಮ ಕ್ಯಾಂಟೀನಿನ ಉಪ್ಪೇ ನಿಮ್ಮ ಅಣ್ಣನನ್ನು ಕೊಂದದ್ದು.” ಒಳಕೋಣೆಯಲ್ಲಿ ಭಾವನ ಹೆಂಡತಿ ಪುಷ್ಪಾವತಿ ಅಕ್ಕ ಇದ್ದರು, ಕೇಳಿಸಿತ್ತು. ನೀವು ಮುಂದಿನ ಎಲೆಗೆ ಹೋದಿರಿ. ಆ ವಾರವೇ ಕ್ಯಾಂಟೀನಿನ ಮೇಲಿನ ಕೋಣೆಗೆ ಬಟ್ಟೆ ಸಾಗಿಸಿದಿರಿ.

ನಾನು ಹೇಳಿದ್ದು ಸತ್ಯ, ಹೇಳಿದ ಹೊತ್ತು ಮಾತ್ರ ತಪ್ಪು ಎಂದು ಮೂರು ವರ್ಷ ನನ್ನನ್ನು ನಾನೇ ಕಾಪಾಡಿಕೊಂಡು ಬಂದೆ. ಬುಧವಾರ ಬೂಬಣ್ಣನೂ ಹೆಚ್ಚುಕಡಿಮೆ ಅದನ್ನೇ ಹೇಳಿದರು: “ನೀವು ಹೇಳಿದ್ದು ಸರಿ ಅಂತ ಸೇಟ್ರಿಗೆ ಗೊತ್ತುಂಟು ಅಕ್ಕ. ಆದ್ರೆ ಆ ದಿನ ಹೇಳ್ಬಾರ್ದಿತ್ತು.” ಆದರೆ ಈಗ ಆರುನೂರು ಜನರ ಲೆಕ್ಕದ ಮುಂದೆ ಕುಳಿತಿದ್ದೇನಲ್ಲ, ಅದು ಸತ್ಯವೂ ಆಗಿರಲಿಲ್ಲ ಎಂದು ಕಾಣುತ್ತಿದೆ. ಲೆಕ್ಕ ನೂರಾರು ಜನರ ಬಗ್ಗೆ ಒಂದು ಮಾತು ಹೇಳುತ್ತದೆ. ಒಬ್ಬ ಶಂಭು ಭಾವ ಯಾಕೆ ಬಿದ್ದರು ಎಂದು ಹೇಳುವುದಿಲ್ಲ. ಅವರಿಗೆ ಮಾತ್ರೆ ಬೇಡವಾಗಿತ್ತು, ಬೀಡಿ ಬೇಕಾಗಿತ್ತು, ನಿದ್ದೆ ನಾಲ್ಕು ಗಂಟೆ. ನಿಮ್ಮ ತಂದೆಗೂ ಹಾಗೆಯೇ ಆಗಿತ್ತು. ಉಪ್ಪೂ ಅದರಲ್ಲಿ ಸೇರಿರಬಹುದು. ಯಾವುದು ಎಷ್ಟು ಎಂದು ನನಗೆ ಗೊತ್ತಿರಲಿಲ್ಲ, ಯಾರಿಗೂ ಗೊತ್ತಾಗುವಂತಿರಲಿಲ್ಲ. ನಾನು ದುಃಖದಲ್ಲಿದ್ದೆ, ಓದಿದ್ದೆಲ್ಲ ನಾಲಗೆಯ ತುದಿಯಲ್ಲಿತ್ತು, ಎದುರಿಗೆ ಸಿಕ್ಕವರು ನೀವು.

ತಪ್ಪಾಯಿತು. ಹೊತ್ತೂ ತಪ್ಪು, ಮಾತೂ ತಪ್ಪು. ಪುಷ್ಪಾವತಿ ಅಕ್ಕನಿಗೂ ಇದನ್ನು ಅವರ ಮನೆಗೆ ಹೋಗಿ ಹೇಳುತ್ತೇನೆ, ಪತ್ರದಲ್ಲಲ್ಲ.

ಮತ್ತು ನೀವು! ಅಂಥ ಮಾತು ಕೇಳಿಸಿಕೊಂಡವರು ನನ್ನ ಮೇಲಿನ ಹಟಕ್ಕೆ ಇನ್ನೊಂದು ಹಿಡಿ ಉಪ್ಪು ಸುರಿಯಬಹುದಿತ್ತು. ನೀವು ಲೇತಿನ ಮುಂದೆ ಹೋಗಿ ನಿಂತಿರಿ. ಹದಿನೆಂಟು ಸಲ. ಇದನ್ನು ಯೋಚಿಸಿದಾಗಲೆಲ್ಲ ನನಗೆ ನಗುವೂ ಬರುತ್ತದೆ, ಅಳುವೂ ಬರುತ್ತದೆ, ಗಾಡಿಯಲ್ಲಿ ಜನ ದೂರ ನಿಲ್ಲುತ್ತಾರೆ.

ಈಗ ಕೆಲಸದ ವಿಷಯ. ನಿನ್ನೆ ಡಾ. ಪೂಜಿತಾರಿಗೆ ಎಲ್ಲವನ್ನೂ ಹೇಳಿದೆ, ಕ್ಯಾಂಟೀನಿನವರು ನನ್ನ ಗಂಡ ಎಂಬುದನ್ನೂ. ಅವರು ಕನ್ನಡಕ ತೆಗೆದು, “ಈಗಲೂ?” ಎಂದು ಕೇಳಿದರು. ಈ ತಿಂಗಳ ಕೊನೆಯವರೆಗಂತೂ ಎಂದೆ. ಹಾಗಿದ್ದ ಮೇಲೆ ಅಂಬರನಾಥದ ಲೆಕ್ಕವನ್ನು ನಾನು ಮುಟ್ಟಬಾರದು, ಬೇರೆಯವರು ನೋಡುತ್ತಾರೆ ಎಂದರು. ಸರಿಯೇ. ಅದನ್ನು ಒಪ್ಪಿಸಿ ಬಂದೆ. ಮಾರ್ಚ್ ಎರಡಕ್ಕೆ ಅವರ ಸಭೆ. ಕುಡ್ತೆಯನ್ನು ಅಳೆಯಬೇಕು, ಯಾವಾಗ ಎಷ್ಟು ಕೊರೆಸಿದಿರಿ ಎಂದು ನಿಮ್ಮ ಬಾಯಲ್ಲಿ ಕೇಳಬೇಕು ಎನ್ನುತ್ತಾರೆ. ನೀವು ಬರಬಹುದು, ಅವರೇ ಅಲ್ಲಿಗೆ ಬರಬಹುದು, ಹೆಸರು ಹಾಕಬಹುದು, ಹಾಕದೆಯೂ ಇರಬಹುದು. ಗಿರಾಕಿಗಳಿಗೆ ಗೊತ್ತಾದರೆ ಸಪ್ಪೆ ಎಂದು ಗಲಾಟೆ ಮಾಡಬಹುದು, ಅದನ್ನೂ ಯೋಚಿಸಿ. ಬೇಡ ಎಂದರೆ ಬೇಡ. ಆ ಮೂವತ್ತೆಂಟು ಮಂದಿ ಒಂದು ಪಕ್ಕದ ಪಟ್ಟಿಯಲ್ಲಿ ಉಳಿಯುತ್ತಾರೆ. ಪಟ್ಟಿಯಲ್ಲಿ ಎಲ್ಲಿದ್ದರೇನು, ಅವರ ಒತ್ತಡ ಇಳಿದದ್ದು ಇಳಿದದ್ದೇ.

ಇದನ್ನು ಕೇಳಲಿಕ್ಕೆಂದೇ ಪತ್ರ ಬರೆಯುತ್ತಿದ್ದೇನೆ ಎಂದು ಮೊದಲಿನ ಎರಡು ಪತ್ರಗಳಲ್ಲಿ ಬರೆದಿದ್ದೆ. ಅದು ಸುಳ್ಳು, ಅದಕ್ಕೇ ಹರಿದೆ.

ಅರ್ಜಿಗೆ ನಾನು ಸಹಿ ಹಾಕಿಲ್ಲ. ಹಾಕಲು ಮನಸ್ಸಿಲ್ಲ. ಒಂದು ಕುಡ್ತೆಯನ್ನು ನೋಡಿ ಮನಸ್ಸು ಬದಲಾಯಿತೇ ಎಂದು ನೀವು ಕೇಳಿದರೆ, ನಾನೂ ಮೂರು ದಿನದಿಂದ ಅದನ್ನೇ ಕೇಳಿಕೊಂಡಿದ್ದೇನೆ. ನೀವು ಮಾಡಿದ್ದು ನನಗಾಗಿ ಅಲ್ಲದಿರಬಹುದು, ಅಣ್ಣನಿಗಾಗಿ ಇರಬಹುದು. ಹಾಗಿದ್ದರೂ ಅಂಥ ಮನುಷ್ಯನ ಜೊತೆ ಇರಲು ನನಗೆ ಇಷ್ಟ. ಆರು ವಾರದಿಂದ ಆ ಖಾಲಿ ಜಾಗ ಖಾಲಿಯಾಗಿಯೇ ಇತ್ತಲ್ಲ, ಕುಡ್ತೆ ನೋಡಿದ್ದು ಮೊನ್ನೆಯಷ್ಟೇ. ನೀವು ಈ ಪತ್ರ ಓದಿದ ಮೇಲೂ ಸಹಿ ಬೇಕು ಎಂದರೆ ಹಾಕುತ್ತೇನೆ. ಜಗಳವಾಡುವುದಿಲ್ಲ. ಆದರೆ ಅದನ್ನು ಮಾನಸಿಯ ಕೈಯಲ್ಲಿ ಹೇಳಿಕಳಿಸಬೇಡಿ. ಮುಂದಿನ ಭಾನುವಾರ, ಮಾರ್ಚ್ ಒಂದಕ್ಕೆ, ಹನ್ನೊಂದು ಗಂಟೆಗೆ ಅಂಬರನಾಥಕ್ಕೆ ಬರುತ್ತೇನೆ. ಎದುರಿಗೇ ಹೇಳಿ.

ನಿಮ್ಮ
ಜಯಲತಾ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಕೆಲಸ ಶುರುವಾಗುವ ಮೊದಲು ನಮ್ಮ ತಂಡದವರೆಲ್ಲ ಕ್ಯಾನ್ ತುಂಬಿಸಿ ಕೊಡಬೇಕಿತ್ತು, ಅಭ್ಯಾಸಕ್ಕೆ. ಹದಿನಾಲ್ಕು ಜನರಲ್ಲಿ ಎಲ್ಲರಿಗಿಂತ ಹೆಚ್ಚು ಉಪ್ಪು ನನ್ನದು, ದಿನಕ್ಕೆ ಹದಿಮೂರು ಗ್ರಾಂ. ಉಪ್ಪಿನಕಾಯಿ ಮುಟ್ಟದವಳು, ಹಪ್ಪಳ ಸುಡದವಳು ನಾನು! ಎಲ್ಲಿಂದ ಎಂದು ಹುಡುಕಿದೆ. ಒಬ್ಬಳಿಗಾಗಿ ಅಡುಗೆ ಮಾಡಲು ಬೇಜಾರಾಗಿ, ಬೆಳಿಗ್ಗೆ ಬ್ರೆಡ್ಡು-ಬೆಣ್ಣೆ, ಆಫೀಸಿನಲ್ಲಿ ಪೊಟ್ಟಣದ ಸೂಪು, ಗಾಡಿಯಲ್ಲಿ ಖಾರಿ ಬಿಸ್ಕತ್ತು, ರಾತ್ರಿ ಎರಡು ನಿಮಿಷದ ನೂಡಲ್ಸ್. ನನ್ನ ಬಿ.ಪಿ. ನೂರ ಐವತ್ತಾರು, ತೊಂಬತ್ತೆಂಟು. ಒಂದು ವರ್ಷದಿಂದ ಹಾಗೆಯೇ ಇದೆ, ಮಾನಸಿಗೂ ಹೇಳಿಲ್ಲ. ಮಾತ್ರೆಯ ಚೀಟಿಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ತಿರುಗುತ್ತಿದ್ದೆ. ಗುರುವಾರದಿಂದ ನುಂಗುತ್ತಿದ್ದೇನೆ. ಇದನ್ನು ಕರುಣೆಗಾಗಿ ಬರೆದದ್ದಲ್ಲ. ಆ ದಿನ ನಿಮ್ಮನ್ನು ಅಂದವಳು ಯಾರೆಂದು ನಿಮಗೆ ಪೂರ್ತಿ ಗೊತ್ತಿರಲಿ ಎಂದು ಬರೆದೆ. ಇದನ್ನು ಕತ್ತರಿಸಿ ತೆಗೆಯಬೇಕೆಂದು ಇನ್ನೂ ಎರಡು ದಿನ ಅನಿಸುತ್ತದೆ, ತೆಗೆಯುವುದಿಲ್ಲ. ಲಕೋಟೆ ಅಂಟಿಸಿಯಾಗಿದೆ ಎಂದು ಬರೆಯೋಣವೆಂದರೆ ಅದೂ ಸುಳ್ಳು, ಇನ್ನೂ ಅಂಟಿಸಿಲ್ಲ. ಆದರೆ ಅಂಚೆ ಕಚೇರಿ ತೆರೆದ ಕೂಡಲೇ, ಮಹಾಪೆಗೆ ಹೊರಡುವ ಮೊದಲೇ, ನನ್ನ ಕೈಯಾರೆ ಹಾಕುತ್ತೇನೆ: ಸೋಮವಾರ, ೨೩ ಫೆಬ್ರವರಿ.